ವರ್ಷಕ್ಕೊಮ್ಮೆ ತೆರೆಯುವ ಫೈಲು

ಎಪ್ಪತ್ತನೆಯ ಫೈಲಿನ ಮೇಲೆ ಅವಳ ಬೆರಳು ನಿಂತಿತು. ಕಾಣೆಯಾದವರ ವಿಭಾಗದಲ್ಲಿ ಅವಳು ಬೆಳಗಿನಿಂದ ಕಂಪ್ಯೂಟರಿನ ಪಟ್ಟಿಯಲ್ಲಿ ಸಾಗಿಸಬೇಕಾದ ಫೈಲುಗಳಿಗೆ ಟಿಕ್ ಹಾಕುತ್ತಲೇ ಇದ್ದಳು, ಕಣ್ಣು ಉರಿಯುತ್ತಿತ್ತು. "ವರ್ಷಕ್ಕೆ ಎರಡು ಸಲಾನೂ ತೆಗೀದಿರೋದೆಲ್ಲ ಅಗ್ಗದ ಸ್ಟೋರೇಜಿಗೆ ಹೋಗ್ಲಮ್ಮ. ವಾಪಸ್ ಬೇಕಂದ್ರೆ ಎರಡು ದಿನ ಕಾಯ್ಬೇಕು, ಅಷ್ಟೆ. ಯಾರು ಮೂಸಿ ನೋಡ್ತಾರೆ ಅವನ್ನ?" ಎಂದಿದ್ದರು ಮೇಲಧಿಕಾರಿ.

ಈ ಫೈಲನ್ನು ವರ್ಷದಲ್ಲಿ ತೆರೆದದ್ದು ಒಂದೇ ಸಲ, ಕಾಣೆಯಾದ ಮಗಳ ಹುಟ್ಟುಹಬ್ಬದ ದಿನ ಪ್ರತಿ ವರ್ಷ ಮೂರು ಬಸ್ಸು ಬದಲಿಸಿ ಬರುವ ಅಜ್ಜಿಗಾಗಿ. "ಸುದ್ದಿ ಇಲ್ಲ ಅಂತ ಗೊತ್ತು ಕಣಮ್ಮ. ಫೈಲು ಇದೆ ತಾನೆ? ಸ್ವಲ್ಪ ತೆಗೆದು ತೋರ್ಸು, ಸಾಕು," ಎನ್ನುತ್ತಾಳೆ ಅಜ್ಜಿ ಪ್ರತಿ ಸಲ.

ಅವಳು ಫೈಲನ್ನು ತೆರೆದಳು, ಏನೂ ಓದದೆ ಮುಚ್ಚಿದಳು. ಈ ವರ್ಷ ತೆರೆದ ಲೆಕ್ಕ ಎರಡಾಯಿತು. ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಪಟ್ಟಿಯ ಮೇಲಕ್ಕೆ ಹೋಗಿ, ಮೊದಲನೆಯ ಫೈಲಿನ ಟಿಕ್ ತೆಗೆದು, ಅದನ್ನೂ ತೆರೆದಳು.