ಫ್ಲಾಪಿಗೆ ಹಿಡಿಸುವಷ್ಟು

“ಹಿಡೀತಿಲ್ಲ ಮಧುರಾ. ಫೈಲು ಎರಡೂವರೆ ಎಂಬಿ ಇದೆ, ಫ್ಲಾಪಿ ಒಂದೂವರೆನೂ ಇಲ್ಲ” ಎಂದು ಗೌರೀಶ್ ಕುರ್ಚಿಗೆ ಒರಗಿದ. ಮಲ್ಲೇಶ್ವರದ ಅವನ ಸೈಬರ್ ಕೆಫೆಯಲ್ಲಿ ಮಧುರಾ ಮಧ್ಯಾಹ್ನದಿಂದ ಕೂತಿದ್ದಳು. ಭಾನುವಾರ ಬೆಳಿಗ್ಗೆ ಹಾಲು ತರುತ್ತೇನೆಂದು ಚೀಲ ಹಿಡಿದು ಹೊರಟ ಅಪ್ಪ ಮಂಗಳವಾರವಾದರೂ ಮನೆಗೆ ಬಂದಿರಲಿಲ್ಲ. ‘ಕಾಣೆಯಾಗಿದ್ದಾರೆ’ ಎಂಬ ಕರಪತ್ರವನ್ನು ಡಿಟಿಪಿ ಅಂಗಡಿಯವರು ಪಿಡಿಎಫ್ ಮಾಡಿ ಕೊಟ್ಟಿದ್ದರು. ಶ್ರೀರಾಂಪುರದಲ್ಲಿ ಕೇಬಲ್ ಟೀವಿ ನಡೆಸುವ ಅಂಜನಪ್ಪ ಮಾತ್ರ ತಲೆಯಾಡಿಸಿಬಿಟ್ಟಿದ್ದ. “ಇದು ನಮ್ ಕಂಪ್ಯೂಟ್ರಲ್ಲಿ ಓಪನ್ನೇ ಆಗಲ್ಲಮ್ಮ. ಫೋಟೋ ಥರ ಮಾಡ್ಸಿ ಫ್ಲಾಪೀಲಿ ಹಾಕ್ಕೊಂಡ್ ಬಾ. ಆರು ಗಂಟೆ ಒಳಗೆ ತಂದ್ರೆ ಇವತ್ತೇ ಟೀವೀಲಿ ಬಿಡ್ತೀನಿ.”

ಪಿಡಿಎಫನ್ನು ಚಿತ್ರ ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಇಂಟರ್‌ನೆಟ್ಟಿನಿಂದ ಇಳಿಯುವುದಕ್ಕೇ ಒಂದು ಗಂಟೆ ತಿಂದಿತ್ತು. ಅದರಲ್ಲಿ ಹೈ, ಮೀಡಿಯಂ, ಲೋ ಎಂದು ಮೂರು ಗುಂಡಿ. ಹೈ ಫ್ಲಾಪಿಗೆ ಹಿಡಿಸುತ್ತಿರಲಿಲ್ಲ. ಮೀಡಿಯಂ ಒತ್ತಿದರೆ, ಮೊದಲು ಕೊಂಡುಕೊಳ್ಳಿ ಎನ್ನುತ್ತಿತ್ತು.

“ಲೋ ಒತ್ತಿ ಗೌರೀಶಣ್ಣ.”

“ಅಕ್ಷರ ಕಲಸಿಹೋಗತ್ತೆ ಕಣೇ.”

“ಐದೂಕಾಲಾಯ್ತು! ನೀವು ಒತ್ತುತೀರೋ, ನಾನೇ ಒತ್ಲೋ?”

ಚಿತ್ರ ಮೂಡಿತು. ಕನ್ನಡಕ ಹಾಕಿಕೊಂಡು ನಗುತ್ತಿರುವ ಅಪ್ಪ, ಬದರೀನಾರಾಯಣ. ಕೆಳಗೆ ದಪ್ಪಕ್ಷರದಲ್ಲಿ ‘ನೆನಪಿನ ಶಕ್ತಿ ಇಲ್ಲ, ಏನು ಕೇಳಿದರೂ ತಪ್ಪು ಹೇಳುತ್ತಾರೆ’. ಮನೆ ಎಲ್ಲಿ ಎಂದು ಕೇಳಿದವರಿಗೆಲ್ಲ ಅಪ್ಪ ಮೂವತ್ತು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಯ ವಿಳಾಸ ಹೇಳುತ್ತಿದ್ದರು. ಅದಕ್ಕೇ ಮಧುರಾ ಹಟ ಹಿಡಿದು ಆ ಸಾಲು ಹಾಕಿಸಿದ್ದಳು. ಎಲ್ಲಕ್ಕಿಂತ ಕೆಳಗೆ, ಸಣ್ಣದಾಗಿ, ಮನೆಯ ಫೋನ್ ನಂಬರು.

“ನಂಬರ್ ಕಾಣತ್ತಾ? ಓದು ನೋಡೋಣ” ಎಂದ ಗೌರೀಶ್.

ಅವಳು ಗಡಗಡನೆ ಓದಿದಳು, ಕೊನೆಯ ಅಂಕಿ ಮೂರರವರೆಗೂ. ಅವನು ಫ್ಲಾಪಿ ತೆಗೆದು ಕೈಗಿಟ್ಟ. ಅವಳು ಓಡಿದಳು.

ಅವತ್ತು ಸಂಜೆ ಏಳಕ್ಕೆ ಅಪ್ಪ ಟೀವಿಯಲ್ಲಿ ಬಂದರು. ಅಮ್ಮ ಭಾಗೀರಥಮ್ಮ ಎದ್ದುಹೋಗಿ ಗಾಜಿನ ಮೇಲೆ ಕೈಯಿಟ್ಟರು. “ಎಷ್ಟು ಚೆನ್ನಾಗಿ ಕಾಣ್ತಿದಾರೆ ನೋಡೇ. ಇನ್ನು ಯಾರಾದ್ರೂ ಫೋನ್ ಮಾಡೇ ಮಾಡ್ತಾರೆ.” ಮಾರನೆಯ ದಿನವಿಡೀ ತಾಯಿ ಮಗಳು ಫೋನಿನ ಪಕ್ಕದಿಂದ ಕದಲಲಿಲ್ಲ. ಗಂಟೆಗೊಂದು ಸಲ ಮಧುರಾ ರಿಸೀವರ್ ಎತ್ತಿ, ಲೈನ್ ಇದೆಯಾ ಎಂದು ಕೇಳಿಸಿಕೊಂಡು ಇಡುತ್ತಿದ್ದಳು. ಲೈನ್ ಇತ್ತು.

ಗುರುವಾರ ಬೆಳಿಗ್ಗೆ ಫೋನು ಬಡಿದುಕೊಂಡಿತು. ಅಂಜನಪ್ಪ. ಅವನ ರಸೀದಿ ಪುಸ್ತಕದಲ್ಲಿ ಅವಳೇ ನಂಬರು ಬರೆದುಕೊಟ್ಟಿದ್ದಳು. “ಓಕಳಿಪುರಂನಿಂದ ಒಬ್ರು ಬಂದಿದಾರೆ. ಬೇಗ ಬಾಮ್ಮ.”

ಅವನ ಆಫೀಸಿನ ಬೆಂಚಿನ ಮೇಲೆ ಅಕ್ಕಯಮ್ಮ ಎಂಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಅಪ್ಪನ ಹಾಲಿನ ಚೀಲ.

“ನಿನ್ನೆ ಬೆಳಿಗ್ಗೆಯಿಂದ ನಮ್ ಜಗಲಿ ಮೇಲೇ ಇದ್ರು ಕಣವ್ವ. ಮುಖ ನೋಡ್ತಿದ್ದಂಗೆ ಗುರ್ತು ಹಿಡಿದೆ. ಅನ್ನ ಸಾರು ಉಂಡ್ರು. ಟೀವೀಲಿದ್ದ ನಂಬರ್ಗೆ ಹತ್ತು ಸಲ ಫೋನ್ ಮಾಡ್ದೆ. ರಿಂಗ್ ಆಗ್ತಾನೇ ಇತ್ತು, ಎತ್ತೋರೇ ಇಲ್ಲ. ಹುಡುಕೋಕೆ ಹೋಗಿರ್ತಾರೆ, ಬರ್ಲಿ ಅಂದ್ಕೊಂಡೆ. ಸಂಜೆ ದೀಪ ಹಚ್ಚಿ ಆಚೆ ಬಂದ್ರೆ ಚೀಲ ಐತೆ, ಅವ್ರಿಲ್ಲ. ರೈಲು ಹಳಿ ಕಡೆ ನಡ್ಕೊಂಡು ಹೋದ್ರು ಅಂದ್ರು ಯಾರೋ. ರಾತ್ರಿಯೆಲ್ಲಾ ಹುಡುಕಿಸ್ದೆ.”

“ನಾವು ಮನೇಲೇ ಇದ್ವಲ್ಲ!” ಎಂದಳು ಮಧುರಾ. “ಫೋನ್ ಬರ್ಲೇ ಇಲ್ಲ!”

ಮೂಲೆಯ ಟೀವಿಯಲ್ಲಿ ಸೀರೆ ಅಂಗಡಿಯ ಜಾಹೀರಾತು ಹೋಗಿ ಅಪ್ಪ ಬಂದರು. ಮಧುರಾ ಮೊದಲನೆಯ ಸಲ ಮುಖ ಬಿಟ್ಟು ಕೆಳಗೆ ನೋಡಿದಳು. ನಂಬರಿನ ಕೊನೆಯಲ್ಲಿ ಮೂರು ಇರಲಿಲ್ಲ. ಬಾಯಿ ಮುಚ್ಚಿಕೊಂಡು ಎಂಟಾದ ಅಂಕಿಯೊಂದು ಕಪ್ಪಗೆ ಮೆತ್ತಿಕೊಂಡಿತ್ತು. ಅವತ್ತು ಕೆಫೆಯಲ್ಲಿ ಅವಳು ಓದಿರಲೇ ಇಲ್ಲ, ಒಪ್ಪಿಸಿದ್ದಳು. ಚಿಕ್ಕಂದಿನಲ್ಲಿ ಮೆಜೆಸ್ಟಿಕ್‌ಗೆ ಹೊರಟಾಗಲೆಲ್ಲ, ಕಳೆದುಹೋದರೆ ಹೇಳಬೇಕೆಂದು ಅಪ್ಪ ಬಾಯಿಪಾಠ ಮಾಡಿಸಿದ್ದ ನಂಬರು ಅದು.

“ಅದು ಮೂರು” ಎಂದಳು ಮೆಲ್ಲಗೆ. “ಕೊನೇದು ಮೂರು.”

ಅಕ್ಕಯಮ್ಮ ಚೀಲವನ್ನು ಮುದುರಿ ಎದೆಗೊತ್ತಿಕೊಂಡಳು.

“ಅವ್ರೂ ಮೂರು ಅಂತಲೇ ಹೇಳಿದ್ರು ಕಣವ್ವ. ಮಗ್ಗಿ ಹೇಳೋ ಹಂಗೆ, ಒಂದೊಂದೇ ಬಿಡಿಸಿ ಬಿಡಿಸಿ ಹೇಳಿದ್ರು. ಅದಕ್ಕೂ ಒಂದ್ಸಲ ಮಾಡಾನ ಅಂತ ಫೋನ್ ಎತ್ತಿದ್ದೆ.” ಅವಳು ಟೀವಿಯ ಕಡೆ ನೋಡಿದಳು. “ಆದ್ರೆ ನೀವೇ ಬರೆಸಿದ್ರಲ್ಲವ್ವ, ಏನು ಕೇಳಿದ್ರೂ ತಪ್ಪು ಹೇಳ್ತಾರೆ ಅಂತ.”