ಎಡ ಕಾರ್ನರ್‌ಗೆ ಬಂದವನು

ಸುನೀಲನ ಕಿರುಬೆರಳು ವಂಶಿಯ ಅಂಗೈಯನ್ನು ಎರಡು ಸಲ ಒತ್ತಿತು. ಮರುಕ್ಷಣ ವಂಶಿ ಮಣ್ಣಿನ ಮೇಲಿದ್ದ. ಪ್ರಾಕ್ಟೀಸ್‌ನಲ್ಲಿ ಎದುರು ಬದಿಯಿಂದ ರೈಡ್‌ಗೆ ಬಂದಿದ್ದ ತಮ್ಮದೇ ತಂಡದ ಸಿದ್ಧಾರ್ಥನ ಪಾದ ಅವನ ಎರಡೂ ಕೈಗಳಲ್ಲಿ ಸಿಕ್ಕಿಕೊಂಡಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸುನೀಲ ತಟ್ಟಲಿಲ್ಲ. ಎರಡು ಸಲ ಒತ್ತಿದರೆ ಕಾಲಿಗೆ ಬೀಳಬೇಕು ಎಂದು ಅವನು ವಂಶಿಗೆ ಇನ್ನೂ ಹೇಳಿಕೊಟ್ಟೇ ಇರಲಿಲ್ಲ, ಆಟದ ಭರದಲ್ಲಿ ಬೆರಳು ತಾನಾಗಿ ಒತ್ತಿತ್ತು.

ಕಬಡ್ಡಿಯಲ್ಲಿ ಹಿಡಿಯುವವರು ಇಬ್ಬಿಬ್ಬರಾಗಿ ಕೈ ಹಿಡಿದು ನಿಲ್ಲುತ್ತಾರೆ. ಬಾಯಿ ಬಿಟ್ಟರೆ ಎದುರಾಳಿಗೆ ಕೇಳುತ್ತದೆ, ಆದ್ದರಿಂದ ಬೆರಳುಗಳೇ ಮಾತಾಡಬೇಕು. ಆ ಮಾತು ಸೋರಿಹೋದರೆ ಆಟ ಮುಗಿದಂತೆಯೇ. ಚಿಕ್ಕಬಳ್ಳಾಪುರದ ಈ ಕಾಲೇಜು ಎರಡು ವರ್ಷ ಸತತವಾಗಿ ಫೈನಲ್‌ನಲ್ಲಿ ಸೋತದ್ದು ಹಾಗೆಯೇ. ಎರಡು ಸಲವೂ ಎದುರಿಗಿದ್ದದ್ದು ಚಿಂತಾಮಣಿಯ ಖಾಸಗಿ ಕಾಲೇಜು. ಅವರ ರೈಡರ್‌ಗಳು ಕಾಲು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಇಲ್ಲಿ ಬೆರಳು ಅಲುಗಿದರೆ ಅಲ್ಲಿ ರೈಡರ್ ಜಾರಿಕೊಳ್ಳುತ್ತಿದ್ದ.

ಕೋಚ್ ಆವಲಪ್ಪನವರಿಗೆ ಅದು ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ರಜೆಯಲ್ಲಿ ಅವರು ಹಳೆಯ ಸನ್ನೆಗಳನ್ನೆಲ್ಲ ರದ್ದು ಮಾಡಿದರು. ಆಟಗಾರರನ್ನು ಜೋಡಿ ಜೋಡಿಯಾಗಿ ತಮ್ಮ ಕೋಣೆಗೆ ಕರೆದು ಹೊಸ ಸನ್ನೆ ಹೇಳಿಕೊಟ್ಟರು. ಸುನೀಲನ ಜೊತೆಗಾರ ಡಿಗ್ರಿ ಮುಗಿಸಿ ಹೋಗಿದ್ದರಿಂದ ಸುನೀಲ ಒಬ್ಬನೇ ಹೋದ. "ಪ್ರಾಕ್ಟೀಸ್ ಶುರುವಾಗೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡ್ರಪ್ಪ, ನಿಮ್ಮ ನಿಮ್ಮಲ್ಲೂ ಬೇಡ," ಎಂದು ಎಲ್ಲರಿಗೂ ಹೇಳಿ ಕಳಿಸಿದರು.

ಖಾಲಿಯಾಗಿದ್ದ ಎಡ ಕಾರ್ನರ್ ಜಾಗಕ್ಕೆ ಬಂದವನೇ ವಂಶಿ. ರಜೆ ಮುಗಿಯುವವರೆಗೂ ಅದೇ ಚಿಂತಾಮಣಿ ಕಾಲೇಜಿನಲ್ಲಿ ಆಡುತ್ತಿದ್ದು, ಅಲ್ಲಿಂದ ಟಿ.ಸಿ. ತಂದಿದ್ದ. ಅಲ್ಲಿನ ಕೋಚ್ ರಮೇಶ್‌ಬಾಬು ಅವರ ಕೈಯಲ್ಲಿ ಪಳಗಿದ ಹುಡುಗ. ರಮೇಶ್‌ಬಾಬು ಎಂದರೆ ಸಾಮಾನ್ಯರಲ್ಲ, ಯೂನಿವರ್ಸಿಟಿ ತಂಡವನ್ನು ಆರಿಸುವ ಸಮಿತಿಯಲ್ಲೂ ಅವರದೇ ಮಾತು. ಅಂಥವರನ್ನು ಬಿಟ್ಟು ಸೋತ ತಂಡಕ್ಕೆ ಯಾರಾದರೂ ಬರುತ್ತಾರೆಯೇ? ಕಾಲೇಜಿನ ಕ್ಯಾಂಟೀನಿನವನೂ ಇದನ್ನೇ ಕೇಳಿದ.

ಸುನೀಲನಿಗಂತೂ ಕೂತಲ್ಲಿ ಕೂರಲಾಗಲಿಲ್ಲ. ಅವನಿಗಿದು ಕೊನೆಯ ವರ್ಷ. ಹೋದ ವರ್ಷ ತಂಡ ಸೋತರೂ ಯೂನಿವರ್ಸಿಟಿಗೆ ಆಯ್ಕೆಯಾದವನು ಅವನೊಬ್ಬನೇ. ಅಲ್ಲಿ ಕೊಟ್ಟ ಮೆರೂನ್ ಬ್ಲೇಜರನ್ನು ಮೇ ತಿಂಗಳ ಬಿಸಿಲಲ್ಲೂ ಹಾಕಿಕೊಂಡು ಬೆವರುತ್ತಿದ್ದ ಮಹಾರಾಯ. ಈ ವರ್ಷವೂ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಂತೆಯೇ ಎಂದು ಮನೆಯಲ್ಲಿ ಹೇಳಿಟ್ಟಿದ್ದ. ಈಗ ಈ ವಂಶಿ ಏನೇನು ತಿಳಿದುಕೊಂಡು ಬಂದಿದ್ದಾನೋ.

ಪ್ರಾಕ್ಟೀಸ್ ಮುಗಿದ ಮೇಲೆ ಸುನೀಲ ಅವನ ಪಕ್ಕ ಕೂತ.

"ಆ ಕಾಲೇಜು ಯಾಕಪ್ಪ ಬಿಟ್ಟೆ?"

"ಅಮ್ಮನಿಗೆ ಮೇಲೂರು ಸ್ಕೂಲಿಗೆ ವರ್ಗ ಆಯ್ತಣ್ಣ. ಅಲ್ಲಿಂದ ಇದೇ ಹತ್ರ."

"ಅಷ್ಟೇನಾ?"

ವಂಶಿ ಮಂಡಿಯ ಮಣ್ಣು ಕೊಡವಿಕೊಂಡ. "ಅಲ್ಲಿ ಗೆದ್ರೂ ಗೆದ್ದಂಗೆ ಅನ್ನಿಸ್ತಿರಲಿಲ್ಲಣ್ಣ."

"ಕಿರುಬೆರಳಿಂದು ನಿಂಗೆ ಹೆಂಗೆ ಗೊತ್ತಾಯ್ತು?"

ವಂಶಿ ಅವನ ಮುಖವನ್ನೇ ನೋಡಿದ. "ಸುಮ್ನೆ ಅಂದಾಜಣ್ಣ," ಎಂದು ಎದ್ದು ಹೋದ.

ಸುನೀಲ ಬಸ್ ಸ್ಟ್ಯಾಂಡಿನವರೆಗೂ ಅವನ ಹಿಂದೆಯೇ ಹೋದ. ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತ ವಂಶಿ ಫೋನಿನಲ್ಲಿ ತೆಲುಗಿನಲ್ಲಿ ಮಾತಾಡುತ್ತಿದ್ದ. "ಲೇದಮ್ಮಾ, ಸಾರ್‌ಕಿ ಇಂಕಾ ಚೆಪ್ಪಲೇದು. ರೇಪು ಚೆಪ್ತಾನು."

ಸಾರ್‌ಗೆ ಇನ್ನೂ ಹೇಳಿಲ್ಲ, ನಾಳೆ ಹೇಳ್ತೀನಿ. ಇನ್ನು ತಡ ಮಾಡುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಅವನು ಆವಲಪ್ಪನವರ ಕೋಣೆಯಲ್ಲಿದ್ದ. ಬ್ಲೇಜರ್ ಮೈಮೇಲಿತ್ತು.

"ಸಾರ್, ವಂಶಿನ ನಂಬಬೇಡಿ. ಅವ್ನು ಚಿಂತಾಮಣಿಯವರ ಕಡೆಯವನು. ನಮ್ಮ ಸನ್ನೆ ಅವರಿಗೆ ಆಗ್ಲೇ ಗೊತ್ತಾಗೋಗಿದೆ."

ಆವಲಪ್ಪ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು. "ಹೆಂಗೆ ಹೇಳ್ತೀಯ?"

"ನಾನು ಹೇಳಿಕೊಡೋ ಮುಂಚೆನೇ ಅವನಿಗೆ ಗೊತ್ತಿತ್ತು ಸಾರ್. ನಿನ್ನೆ ಎರಡು ಸಲ ಒತ್ತಿದ ತಕ್ಷಣ ಕಾಲಿಗೆ ಬಿದ್ದ. ನೀವೇ ನೋಡಿದ್ರಲ್ಲ."

"ನೀನು ಅವನಿಗೆ ಹೇಳೇ ಇರ್ಲಿಲ್ಲ?"

"ದೇವರಾಣೆಗೂ ಇಲ್ಲ ಸಾರ್. ನಮ್ಮಲ್ಲೇ ಯಾರೋ ಅವರಿಗೆ ಹೇಳಿರಬೇಕು. ಇವನನ್ನ ವಾಪಸ್ ಕಳಿಸಿ, ಸನ್ನೆ ಬದಲಾಯ್ಸಿಬಿಡಣ."

ಆವಲಪ್ಪ ಕುರ್ಚಿಯಿಂದ ಎದ್ದರು. ಆಮೇಲೆ ಅವನನ್ನು ಕರೆದುಕೊಂಡು ಮೈದಾನಕ್ಕೆ ಬಂದರು. ಹುಡುಗರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ವಂಶಿ ಒಂದು ಕಡೆ ಒಬ್ಬನೇ ನಿಂತಿದ್ದ, ಏನೋ ಹೇಳಲು ಕಾದವನಂತೆ.

"ಸಿದ್ಧಾರ್ಥ, ನಿನ್ನ ಜೊತೆಗಾರನ ಕೈ ಹಿಡ್ಕೊಳಪ್ಪ. ಕಾಲಿಗೆ ಬೀಳೋ ಸನ್ನೆ ತೋರ್ಸು."

ಬಲ ಕಾರ್ನರ್‌ನ ಸಿದ್ಧಾರ್ಥ ಜೊತೆಗಾರನ ಅಂಗೈಯನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದ. ಸುನೀಲ ಹುಬ್ಬು ಗಂಟಿಕ್ಕಿದ.

"ನೀವಿಬ್ಬರೂ."

ಕವರ್ ಜೋಡಿ ಮಣಿಕಟ್ಟನ್ನು ಒಳಕ್ಕೆ ತಿರುಗಿಸಿ ತೋರಿಸಿತು.

ಸುನೀಲನ ಹಣೆಯಲ್ಲಿ ಬೆವರು ಮೂಡಿತು. ಆ ದಿನ ಅಷ್ಟೇನೂ ಬಿಸಿಲಿರಲಿಲ್ಲ. ಅವನು ವಂಶಿಯ ಕಡೆ ನೋಡಿದ, ವಂಶಿ ನೆಲ ನೋಡುತ್ತಿದ್ದ. ಆವಲಪ್ಪನವರ ದನಿ ನಡುಗುತ್ತಿತ್ತು. ಎರಡು ಫೈನಲ್ ಸೋತಾಗಲೂ ಅವರು ಹಾಗೆ ಮಾತಾಡಿದ್ದನ್ನು ಹುಡುಗರು ಕೇಳಿರಲಿಲ್ಲ.

"ಒಂದೊಂದು ಜೋಡಿಗೆ ಒಂದೊಂದು ಸನ್ನೆ ಕೊಟ್ಟಿದ್ದೆ ಕಣಪ್ಪ ಸುನೀಲ, ಕಿರುಬೆರಳಿಂದು ನಾನು ಹೇಳಿದ್ದು ನಿನಗೊಬ್ಬನಿಗೇ."