ಕೊನೆಯ ಪಂಕ್ತಿ

ಚೂಡಾಮಣಿಯ ಬಲಗೈಗೆ ಸುತ್ತಿದ್ದ ಬ್ಯಾಂಡೇಜನ್ನು ಮೊದಲು ಕಂಡವರು ಗಿರಿಜಾಂಬಾ. ಬಸವನಗುಡಿಯ ಆ ಪಾರ್ಕಿನೊಳಗೆ ನಾಯಿಗಳಿಗೆ ಪ್ರವೇಶವಿಲ್ಲವಾದ್ದರಿಂದ, ನಾಯಿ ಸಾಕಿದವರೆಲ್ಲ ಬೆಳಿಗ್ಗೆ ಗೇಟಿನ ಹೊರಗೆ ಹೊಂಗೆ ಮರದಡಿ ಸೇರುತ್ತಿದ್ದರು. ಚೂಡಾಮಣಿ ಅಲ್ಲಿಗೆ ಬರುವವಳಲ್ಲ. ಈ ಭಾನುವಾರ ಗಾಂಧಿ ಬಜಾರಿನಿಂದ ಬರುತ್ತ ಎಡಗೈಯ ಚೀಲ ಭಾರವಾಗಿ, ಗಂಡನ ಕೈಗೆ ಕೊಡೋಣವೆಂದು ನಿಂತಿದ್ದಳು.

"ಏನ್ರೀ ಇದು, ಕೈಗೆ ಏನಾಯ್ತು?"

ಅವಳು ಬಾಯಿ ತೆರೆಯುವ ಮೊದಲೇ ಗಂಡ ಸಂಕರ್ಷಣ ಉತ್ತರ ಕೊಟ್ಟ. "ರೋಜರ್ ಕಚ್ದ, ನಿನ್ನೆ ಮಧ್ಯಾಹ್ನ. ಇಂಜೆಕ್ಷನ್ ಕೊಡ್ಸಿದೀನಿ ಮೇಡಂ, ಗಾಬರಿ ಏನಿಲ್ಲ." ಗಾಬರಿಯಾಗಬೇಕಾದವಳು ಪಕ್ಕದಲ್ಲಿ ಚೀಲ ಹಿಡಿದುಕೊಂಡೇ ಇದ್ದಳು. ಅವನ ಒಂದು ಕೈಯಲ್ಲಿ ರೋಜರ್ ಎಂಬ ಜರ್ಮನ್ ಶೆಫರ್ಡ್ ನಾಯಿಯ ಬೆಲ್ಟು, ಇನ್ನೊಂದರಲ್ಲಿ ಪುಸ್ತಕ. ಚೀಲಕ್ಕೆ ಮೂರನೆಯ ಕೈ ಎಲ್ಲಿಂದ ತರಬೇಕು?

ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದ ಸಂಕರ್ಷಣ, ರೋಜರ್ ಮನೆಗೆ ಬಂದಂದಿನಿಂದ ನಾಯಿಶಾಸ್ತ್ರದ ಪಂಡಿತನೂ ಆಗಿದ್ದ. ಯಾರ ನಾಯಿ ಬೊಗಳಿದರೂ ಅವನ ಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯವಿತ್ತು. ಮುಧೋಳ ನಾಯಿ ಸಾಕಿದ್ದ ಲೋಹಿತ್ ನಂಬಿದ್ದು ತಳಿಗಳ ಮೇಲಿನ ಪುಸ್ತಕವನ್ನು. ನಿವೃತ್ತ ಹೆಡ್‌ಮಿಸ್ಟ್ರೆಸ್ ಗಿರಿಜಾಂಬಾ ಇಬ್ಬರ ಪುಸ್ತಕವನ್ನೂ ಒಪ್ಪದೆ, ಪ್ರೀತಿಯಿಂದಲೇ ಕಲಿಸಬೇಕೆನ್ನುವ ಹೊಸ ಪುಸ್ತಕಗಳನ್ನು ಓದುತ್ತಿದ್ದರು. ಮೂವರ ವಾದ ಮುಗಿಯುವಷ್ಟರಲ್ಲಿ ನಾಯಿಗಳಿಗೇ ಬೇಸರ ಬಂದು ಮಲಗಿಬಿಡುತ್ತಿದ್ದವು.

"ತಳಿ ಸಾರ್," ಎಂದ ಲೋಹಿತ್. "ಅಪ್ಪ ಅಮ್ಮ ಎಂಥಾ ನಾಯಿ ಅಂತ ವಿಚಾರಿಸಿ ಮರಿ ತರ್ಬೇಕಿತ್ತು. ರಕ್ತದಲ್ಲಿ ಬಂದಿದ್ದನ್ನ ತಿದ್ದಕ್ಕಾಗಲ್ಲ."

"ನಿಮ್ಮ ಪುಸ್ತಕ ಮರಿ ಮಾರೋರಿಗೆ ಸರಿ. ಇದನ್ನ ಕೇಳಿ." ಸಂಕರ್ಷಣ ಗುರುತು ಹಾಕಿಟ್ಟಿದ್ದ ಪುಟ ತೆಗೆದು ಕನ್ನಡದಲ್ಲಿ ಹೇಳಿದ. "ಮನೇಲಿ ಯಾರು ಮೊದಲು ಊಟ ಮಾಡ್ತಾರೆ ಅಂತ ನಾಯಿ ನೋಡ್ತಾ ಇರುತ್ತೆ. ಮೊದಲು ಉಂಡೋನು ಯಜಮಾನ. ತನ್ನ ನಂತರ ಉಣ್ಣೋರು ತನಗಿಂತ ಕೆಳಗಿನೋರು. ಅದಕ್ಕೇ ನಂದು, ಮಗಳದ್ದು ಊಟ ಆದ್ಮೇಲೇನೇ ಇವನಿಗೆ ಹಾಕ್ಸೋದು. ಒಂದು ದಿನಾನೂ ತಪ್ಪಿಲ್ಲ. ನನ್ನ ಮಾತು ಮೀರಲ್ಲ, ನೋಡಿ." ಕೂತ್ಕೋ ಎಂದ. ರೋಜರ್ ಕೂತಿತು.

"ಆಮೇಲೆ?" ಎಂದರು ಗಿರಿಜಾಂಬಾ.

"ಆಮೇಲೇನು?"

"ನಿಮ್ದಾಯ್ತು, ಮಗಳದ್ದಾಯ್ತು, ನಾಯಿದೂ ಆಯ್ತು. ಇವರ ಊಟ ಯಾವಾಗ?"

ಉತ್ತರ ಕೊಟ್ಟವಳು ಚೂಡಾಮಣಿ, ಅದೂ ತಪ್ಪು ತನ್ನದೇ ಎಂಬಂತೆ. "ಇವನಿಗೆ ಹಾಕಿ, ಕಟ್ಟೆ ಒರೆಸಿ, ಆಮೇಲೆ ನಂದು. ಅಡುಗೆಮನೇಲೇ ಮಣೆ ಹಾಕ್ಕೊಂಡು ಕೂತ್ಕೊಂಡ್ಬಿಡ್ತೀನಿ. ಅತ್ತೆ ಇದ್ದಾಗಿಂದ್ಲೂ ಹಾಗೇ ಅಭ್ಯಾಸ. ನಿನ್ನೆ ಬಂದು ನನ್ನ ತಟ್ಟೆಗೇ ಬಾಯಿ ಹಾಕ್ದ. ತಳ್ಳಿದೆ, ಕಚ್ಬಿಟ್ಟ."

ಲೋಹಿತ್ ತನ್ನ ನಾಯಿಯ ಕುತ್ತಿಗೆಯ ಬೆಲ್ಟನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟತೊಡಗಿದ. ಇಷ್ಟು ದಿನದ ವಾದದಲ್ಲಿ ಗೆಲ್ಲುವ ಅವಕಾಶ ಗಿರಿಜಾಂಬಾಗೆ ಅಂದು ಸಿಕ್ಕಿತ್ತು. ಆದರೆ ಅವರು ದನಿ ತಗ್ಗಿಸಿದರು. "ಆ ಪುಸ್ತಕ ಹಳೇದು, ಸಂಕರ್ಷಣ ಅವರೇ. ಅದೆಲ್ಲ ಸುಳ್ಳು ಅಂತಾರೆ ಈಗಿನೋರು. ನೀವು ಮನಸ್ಸಿಗೆ ಹಚ್ಕೋಬೇಡಿ."

ಸಮಾಧಾನದ ಮಾತೇ. ಅದಕ್ಕೇ ಹೆಚ್ಚು ಚುಚ್ಚಿತು. ಪುಸ್ತಕ ಸುಳ್ಳಾದರೂ ಊಟದ ಸರದಿ ಸುಳ್ಳಾಗುವುದಿಲ್ಲ. ಎರಡು ವರ್ಷ ಆ ಪುಟವನ್ನು ಊರಿಗೆಲ್ಲ ಓದಿ ಹೇಳಿದವನಿಗೆ, ನಾಯಿಯ ನಂತರ ಉಣ್ಣುವವರು ಯಾರೆಂದು ಕೇಳಿಕೊಳ್ಳಬೇಕು ಅನ್ನಿಸಿರಲಿಲ್ಲ. ನಿನ್ನೆ ಅವಳ ಕೈಯ ರಕ್ತ ತೊಳೆಯುವಾಗಲೂ ತಾನು ಅಂದದ್ದು "ತಟ್ಟೆ ಯಾಕೆ ಕೆಳಗಿಟ್ಕೊಂಡೆ" ಎಂದು. ಸಂಕರ್ಷಣನಿಗೆ ಹೆಂಡತಿಯ ಮುಖ ನೋಡಲು ನಾಚಿಕೆಯಾಯಿತು. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳ ಕೈಯಿಂದ ಚೀಲ ತೆಗೆದುಕೊಂಡ.

ಮಧ್ಯಾಹ್ನ ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅವನೇ ಊಟದ ಮೇಜಿನ ಮೇಲೆ ಒಂದು ತಟ್ಟೆ ಇಟ್ಟ. "ಬಾ. ನೀನು ಮೊದಲು ಕೂತ್ಕೋ."

"ಇದೇನ್ರೀ ಹೊಸದು? ನೀವು ಹಸಿದಿರ್ತೀರ."

"ಕೂತ್ಕೋ ಅಂದ್ನಲ್ಲ," ಎಂದ. ಬೆಳಿಗ್ಗೆ ನಾಯಿಗೆ ಹೇಳಿದ ದನಿಯೇ ಅದು ಎಂದು ಹೇಳಿದ ಮೇಲೆ ಗೊತ್ತಾಗಿ, ಇನ್ನಷ್ಟು ಕುಗ್ಗಿದ. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಯಾವ ಪಾತ್ರೆಯಲ್ಲಿ ಏನಿದೆಯೆಂದು ತಿಳಿಯದೆ ಅವನು ಹುಳಿಯೆಂದುಕೊಂಡು ಸಾರು ಬಡಿಸಿದ. ಅವಳು ಅದನ್ನೇ ಎಡಗೈಯಲ್ಲಿ ಚಮಚ ಹಿಡಿದು, ಯಾರೋ ಎಬ್ಬಿಸಲು ಬರುತ್ತಾರೇನೋ ಎಂಬಂತೆ ಬೇಗಬೇಗ ಉಂಡಳು. ನಡುವೆ ಎದ್ದು ಅವನಿಗೂ ತಟ್ಟೆ ಇಡಲು ಹೋದವಳನ್ನು ಅವನು ಕೈಸನ್ನೆಯಲ್ಲೇ ತಡೆದ. ಬಾಗಿಲ ಬಳಿ ಕೂತ ರೋಜರ್ ಒಮ್ಮೆ ಅವಳನ್ನು, ಒಮ್ಮೆ ಸೌಟು ಹಿಡಿದು ನಿಂತ ಯಜಮಾನನನ್ನು ನೋಡುತ್ತಿತ್ತು.

ಅದನ್ನು ಗಮನಿಸಿ ಚೂಡಾಮಣಿಗೆ ಎಲ್ಲವೂ ಅರ್ಥವಾದಂತಾಯಿತು. ನಾಯಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದಳು.

"ಪುಸ್ತಕದಲ್ಲಿ ಎಷ್ಟು ದಿನ ಹೀಗ್ ಮಾಡ್ಬೇಕು ಅಂತ ಇದೆ? ಇವನು ಕಲಿತ ಮೇಲೆ ಮಾಮೂಲಿನಂತೆ ನಾನು ಕೊನೇಲಿ ಕೂತ್ಕೋಬಹುದಲ್ವಾ?"